ಹಗಲಿನ ಶುಕ್ರ

ಇವತ್ತು ಯಾರಿಗೂ ಹೇಳಬಾರದು ಎಂದು ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳು, ಕಚೇರಿಯ ಬಾಗಿಲು ಕಾಯುವವನು ‘ಏನಮ್ಮಾ, ಇವತ್ತು ಬೇಗ ಬಂದ್ರಿ?’ ಎಂದದ್ದೇ ತಡ, ‘ಹನ್ನೊಂದು ಮೂವತ್ತೆಂಟಕ್ಕೆ ಶುಕ್ರ ಚಂದ್ರನ ಹಿಂದೆ ಹೋಗುತ್ತೆ, ತಾರಸಿ ಮೇಲಿಂದ ಕಾಣುತ್ತೆ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ‘ಹಗಲಲ್ಲಾ?’ ಎಂದ ಅವನು. ‘ಹಗಲಲ್ಲೇ.’ ಅವನು ನಗಲಿಲ್ಲ. ನಗಬಾರದೆಂದು ಮೀಸೆಯನ್ನು ಬೆರಳಿನಿಂದ ಒತ್ತಿಕೊಂಡ, ಅಷ್ಟೇ. ನಕ್ಕಿದ್ದರೇ ವಾಸಿಯಾಗಿತ್ತು. ಮೂರು ವರ್ಷದ ಹಿಂದೆ ತಾರಸಿಯ ಬೀಗ ತೆಗೆದುಕೊಟ್ಟವನೂ ಇವನೇ, ನಲವತ್ತು ನಿಮಿಷ ಕತ್ತೆತ್ತಿ ನಿಂತವರಲ್ಲಿ ಇವನೂ ಒಬ್ಬ, ಕೆಳಗಿಳಿಯುವಾಗ ‘ಮೋಡ ಇತ್ತೇನೋ ಬಿಡಿ ಅಮ್ಮಾ’ ಎಂದು ಸಮಾಧಾನ ಹೇಳಿದವನೂ ಇವನೇ. ಅವತ್ತು ಆಕಾಶದಲ್ಲಿ ಹುಡುಕಿದರೂ ಒಂದು ಚೂರು ಮೋಡ ಇರಲಿಲ್ಲ. ಈ ಸಮಾಧಾನ ಹೇಳುವವರಿಗಿಂತ ಬೈಯುವವರೇ ಮೇಲು ಎಂದುಕೊಳ್ಳುತ್ತ ಅವಳು ಮೆಟ್ಟಿಲು ಹತ್ತಿದಳು.

ಹಡಗುಗಳಿಗೆ ಕೆಲಸಗಾರರನ್ನು ಕಳಿಸುವ ಆ ಕಚೇರಿಯಲ್ಲಿ ಅವಳ ಕೆಲಸ ವೇಳೆ ಹೇಳುವುದು. ಕಡಲಿಗೆ ಹೋದವರ ತಾಯಂದಿರು, ಹೆಂಡತಿಯರು ಕೌಂಟರಿಗೆ ಬಂದು ಹಡಗಿನ ಹೆಸರು ಹೇಳುತ್ತಾರೆ. ಅದು ಈಗ ಯಾವ ನೀರಿನಲ್ಲಿದೆ, ಅಲ್ಲಿ ಎಷ್ಟು ಗಂಟೆ, ಇವರ ಮನುಷ್ಯ ಪಾಳಿಯಲ್ಲಿದ್ದಾನೋ ಮಲಗಿದ್ದಾನೋ ನೋಡಿ, ಇಷ್ಟು ಹೊತ್ತಿಗೆ ಫೋನ್ ಮಾಡಿ ಎಂದು ಅವಳು ಚೀಟಿ ಬರೆದುಕೊಡುತ್ತಾಳೆ. ‘ಗಂಟೆ ಎಲ್ಲರ ಫೋನಲ್ಲೂ ಕಾಣುತ್ತೆ ಸಾರ್, ಮಗ ಎದ್ದಿದಾನೋ ಇಲ್ವೋ ಅನ್ನೋದು ಕಾಣಲ್ಲ’ ಎಂದು ಒಮ್ಮೆ ಮ್ಯಾನೇಜರಿಗೆ ಎದುರು ಹೇಳಿ ತನ್ನ ಮೇಜನ್ನೂ ಮೇಜಿನ ಮೇಲಿನ ಯಂತ್ರವನ್ನೂ ಉಳಿಸಿಕೊಂಡಿದ್ದಳು. ಉಳಿದವರ ಮೇಜಿನ ಮೇಲೆ ಕನ್ನಡಿಯಷ್ಟು ತೆಳ್ಳಗಿನ ಕಂಪ್ಯೂಟರುಗಳು ಬಂದು, ಹಳತಾಗಿ, ಮತ್ತೆ ಹೊಸವು ಬಂದಿದ್ದವು. ಅವಳದು ಮಾತ್ರ ಅದೇ ಗೂಡಿನಂಥ ಪರದೆಯ, ಹಲ್ಲಿನ ಹಾಗೆ ಹಳದಿಗಟ್ಟಿದ ಪೆಟ್ಟಿಗೆ. ಗುಂಡಿ ಒತ್ತಿದರೆ ಮೊದಲು ಮುಲುಗುತ್ತದೆ, ಆಮೇಲೆ ಫ್ಲಾಪಿ ಇರುವ ಬಾಯಲ್ಲಿ ಗರಗರ ಎಂದು ಏನನ್ನೋ ಅಗಿಯುತ್ತದೆ, ಆಮೇಲೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಇವತ್ತು ಯಾವ ತಾರೀಖು ಎಂದು ಕೇಳುತ್ತದೆ. ಒಳಗಿನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿರುವುದರಿಂದ ಅದಕ್ಕೆ ದಿನವೂ ಬೆಳಿಗ್ಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಮರೆವಿನ ಅತ್ತೆಯನ್ನು ನೋಡಿಕೊಂಡ ಸೊಸೆಯ ತಾಳ್ಮೆಯಿಂದ ಅವಳು ಹೇಳುತ್ತಾಳೆ.

ಆದರೆ ನಿಜವಾದ ವರ್ಷ ಹೇಳುವ ಹಾಗಿಲ್ಲ. ತೊಂಬತ್ತೊಂಬತ್ತರ ಆಚೆಗೆ ಆ ಯಂತ್ರಕ್ಕೆ ಕಾಲವೇ ಇಲ್ಲ. ಹೇಳಿದರೆ ತಪ್ಪು ಎಂದು ಮತ್ತೆ ಅದೇ ಪ್ರಶ್ನೆ ಕೇಳುತ್ತದೆ. ಅದಕ್ಕೊಂದು ಉಪಾಯವನ್ನು ಅವಳೇ ಕಂಡುಹಿಡಿದಿದ್ದಳು, ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು. ಇಪ್ಪತ್ತೆಂಟು ವರ್ಷ ಹಿಂದಕ್ಕೆ ಹೋದರೆ ಕ್ಯಾಲೆಂಡರು ಇದ್ದ ಹಾಗೇ ಕೂರುತ್ತದೆ: ಅದೇ ತಾರೀಖಿಗೆ ಅದೇ ವಾರ, ಅಧಿಕ ವರ್ಷಕ್ಕೆ ಅಧಿಕ ವರ್ಷ. ಹಾಗಾಗಿ ಯಂತ್ರ ಇಪ್ಪತ್ತೆಂಟು ವರ್ಷ ಹಿಂದೆ ಬದುಕುತ್ತ, ಇವತ್ತಿನ ಸೋಮವಾರವನ್ನು ಸೋಮವಾರವೆಂದೇ ಹೇಳುತ್ತ, ಲೋಕದ ನೂರಿಪ್ಪತ್ತು ಊರುಗಳ ಗಂಟೆಯನ್ನು ಸರಿಯಾಗಿ ತೋರಿಸುತ್ತಿತ್ತು. ಪರದೆಯ ಮೇಲೆ ಭೂಮಿಯ ನಕ್ಷೆ, ನಕ್ಷೆಯ ಮೇಲೆ ಹಗಲು ಇರುಳನ್ನು ಬೇರೆ ಮಾಡುವ ಒಂದು ಬಾಗಿದ ಗೆರೆ. ಗೆರೆ ನಿಮಿಷಕ್ಕೊಮ್ಮೆ ಕೂದಲೆಳೆಯಷ್ಟು ಪಡುವಣಕ್ಕೆ ಸರಿಯುತ್ತದೆ. ಅದನ್ನು ನೋಡುತ್ತ ಅವಳು ಇಪ್ಪತ್ತೆರಡು ವರ್ಷ ಕಳೆದಿದ್ದಾಳೆ. ಮದುವೆಯ ಮಾತು ಮುರಿದ ದಿನವೂ ಆ ಗೆರೆ ನಿಂತಿರಲಿಲ್ಲ.

ಒಬ್ಬ ನಿವೃತ್ತ ನಾವಿಕ, ಪಿಂಚಣಿ ಕಾಗದಕ್ಕೆ ಬಂದಾಗ, ‘ಊರ ಗಡಿಯಾರ ನೋಡ್ತೀಯಲ್ಲಮ್ಮ, ಇದು ಆಕಾಶದ ಗಡಿಯಾರ, ಇಟ್ಕೋ’ ಎಂದು ಇನ್ನೊಂದು ಫ್ಲಾಪಿ ಕೊಟ್ಟುಹೋಗಿದ್ದ. ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಯಾವ ಗ್ರಹ ಎಷ್ಟು ಹೊತ್ತಿಗೆ ಎಲ್ಲಿರುತ್ತದೆಂದು ಹೇಳುವ ಪ್ರೋಗ್ರಾಮು. ಆ ಡಿಗ್ರಿಗಳನ್ನು ಬರೀ ಪೂರ್ಣಾಂಕದಲ್ಲಿ ತೆಗೆದುಕೊಳ್ಳುತ್ತದೆ, ಅರ್ಧ ಕಾಲು ಕೇಳುವುದಿಲ್ಲ. ಶುಕ್ರ ಹಗಲಲ್ಲೂ ಬರಿಗಣ್ಣಿಗೆ ಕಾಣುತ್ತಾನೆ, ಎಲ್ಲಿ ನೋಡಬೇಕೆಂದು ಗೊತ್ತಿರಬೇಕು ಅಷ್ಟೇ ಎಂದೂ ಆ ನಾವಿಕ ಹೇಳಿದ್ದ. ಅಷ್ಟು ಸಾಕಾಯಿತು ಅವಳಿಗೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಲೆಕ್ಕ ಹಾಕಿ, ಅಚ್ಚು ತೆಗೆದು, ಇಡೀ ಕಚೇರಿಯನ್ನು ತಾರಸಿಗೆ ಹತ್ತಿಸಿದಳು. ಮ್ಯಾನೇಜರ್ ಬಂದಿದ್ದರು, ಟಪಾಲು ಗುಮಾಸ್ತ ಬಂದಿದ್ದ, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅಕ್ಕನನ್ನೂ ಕರೆಸಿದ್ದಳು. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು, ತಾಯಿ ಹೋದ ಮೇಲೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು, ಮಂಡಿ ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿದ್ದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಯಾರಿಗೂ ಏನೂ ಕಾಣಲಿಲ್ಲ. ‘ಮೇಡಂ ನಮಗೆಲ್ಲ ಹಗಲಲ್ಲೇ ನಕ್ಷತ್ರ ತೋರಿಸಿದ್ರು’ ಎಂದ ಟಪಾಲು ಗುಮಾಸ್ತ. ಎಲ್ಲರೂ ಗೊಳ್ಳೆಂದರು. ಆ ನಗೆಯ ನಡುವೆ ಅಕ್ಕನ ದನಿ ಕೇಳಿಸಿತು: ‘ಕಾಣಿಸ್ತು ಕಣೇ! ನಂಗೆ ಕಾಣಿಸ್ತು.’

ಆಗ ಅವಳು ಮಾಡಿದ್ದು ನೆನಪಾದರೆ ಈಗಲೂ, ಇಲ್ಲಿ ಈ ಮೇಜಿನ ಮುಂದೆ ಕೂತು ಹಸಿರು ಅಕ್ಷರ ನೋಡುತ್ತಿರುವಾಗಲೂ, ಕಣ್ಣು ಮುಚ್ಚಿಕೊಂಡುಬಿಡುತ್ತಾಳೆ. ಮುಳುಗುವವಳು ಹುಲ್ಲುಕಡ್ಡಿ ಹಿಡಿದ ಹಾಗೆ ಆ ಮಾತನ್ನು ಹಿಡಿದುಕೊಂಡು, ‘ಬೇಕಾದ್ರೆ ಕೇಳಿ, ನಮ್ಮಕ್ಕ ನೋಡಿದಾಳೆ!’ ಎಂದು ಕೂಗಿದ್ದಳು. ‘ಎಲ್ಲಿ ತೋರಿಸಿ ಅಕ್ಕಾ’ ಎಂದ ಗುಮಾಸ್ತ. ಅಕ್ಕ ಒಂದು ಗಳಿಗೆ ತಂಗಿಯ ಮುಖ ನೋಡಿ, ಆಮೇಲೆ ಬೆರಳೆತ್ತಿ, ಆಕಾಶದಲ್ಲಿ ಎಲ್ಲೋ ಒಂದು ಕಡೆ ತೋರಿಸಿದಳು. ಆ ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಎಲ್ಲರೂ ಆ ಬೆರಳು ಹೋದ ಕಡೆ ನೋಡಿ, ಏನೂ ಕಾಣದೆ, ಈ ಸಲ ನಗದೆ ಮೆಟ್ಟಿಲಿಳಿದರು. ಅವತ್ತು ಸಂಜೆ ಅಚ್ಚಿನ ಕಾಗದ ಮಡಿಸುವಾಗ ಮೇಲಿನ ಸಾಲು ಕಣ್ಣಿಗೆ ಬಿತ್ತು. ವರ್ಷ ಇಪ್ಪತ್ತೆಂಟು ಹಿಂದಿನದು. ಆಕಾಶದ ಪ್ರೋಗ್ರಾಮು ತಾರೀಖು ಕೇಳಿದಾಗ, ಯಂತ್ರ ತಾನಾಗಿ ತುಂಬಿಕೊಟ್ಟದ್ದನ್ನು, ಊರ ಗಡಿಯಾರದಲ್ಲಿ ದಿನವೂ ಒತ್ತುವ ಹಾಗೆ, ಎಂಟರ್ ಒತ್ತಿ ಒಪ್ಪಿಕೊಂಡುಬಿಟ್ಟಿದ್ದಳು. ಸೋಮವಾರ ಮಂಗಳವಾರಗಳು ಇಪ್ಪತ್ತೆಂಟು ವರ್ಷಕ್ಕೆ ಹಳೆಯ ಜಾಗಕ್ಕೆ ಬರುತ್ತವೆ, ಶುಕ್ರ ಬರುವುದಿಲ್ಲ. ಅವನದು ಎಂಟು ವರ್ಷದ ಲೆಕ್ಕ. ಇಪ್ಪತ್ತೆಂಟಾಗುವ ಹೊತ್ತಿಗೆ ಅವನು ಸೂರ್ಯನ ಇನ್ನೊಂದು ಮಗ್ಗುಲಲ್ಲಿ, ಅವನ ಬೆಳಕಿನಲ್ಲೇ ಮುಳುಗಿರುತ್ತಾನೆ. ಅಂದರೆ ಅಕ್ಕ ನೋಡಿದೆನೆಂದದ್ದು ಇಪ್ಪತ್ತೆಂಟು ವರ್ಷ ಹಿಂದಿನ ಶುಕ್ರನನ್ನು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ತನ್ನ ತಪ್ಪು ಮಾತ್ರ ಹೊರಬೀಳುವುದಿಲ್ಲ, ಅಕ್ಕನ ಸುಳ್ಳೂ ಹೊರಬೀಳುತ್ತದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಹೋದದ್ದು ಅಕ್ಕನ ಮಾನ, ಕಳೆದವಳು ತಾನು.

‘ಬಂತಂತಲ್ಲ ಮೇಡಂ, ಶುಕ್ರದೆಸೆ!’ ಟಪಾಲು ಗುಮಾಸ್ತ ಕಟ್ಟು ಕಾಗದ ಹಿಡಿದು ಬಾಗಿಲಲ್ಲೇ ಶುರುಮಾಡಿದ. ಮೂರು ವರ್ಷದಿಂದ ಅವಳಿಗೆ ಬೆನ್ನ ಹಿಂದೆ ಅದೇ ಹೆಸರು, ಇವತ್ತು ಮುಖದ ಮುಂದೆಯೂ ಬಂತು. ‘ಫೋನಲ್ಲಿ ನೋಡಿದ್ರೆ ಅರೆಗಳಿಗೇಲಿ ಹೇಳುತ್ತಲ್ಲ, ಈ ಗುಜರಿ ಯಾಕೆ?’ ಎಲ್ಲಿ ಎಡವಿದ್ದಳೋ ಅಲ್ಲೇ ನಡೆದು ತೋರಿಸಬೇಕು ಎಂಬ ಹಟವನ್ನು ಇವನಿಗೆ ಹೇಗೆ ಹೇಳುವುದು? ಫೋನನ್ನು ನಂಬಿ ಗೆದ್ದರೆ ಗೆದ್ದದ್ದು ಫೋನು. ಅವಳು ಫ್ಲಾಪಿ ಬದಲಿಸಿದಳು. ಯಂತ್ರ ಅಗಿಯಿತು. ತಾರೀಖು ಕೇಳಿತು, ತಾನೇ ತುಂಬಿಯೂ ಕೊಟ್ಟಿತು. ಬೆರಳು ರೂಢಿಯಿಂದ ಎಂಟರ್ ಕಡೆ ಹೋದದ್ದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಒಂದೊಂದೇ ಅಂಕಿ ಅಳಿಸಿ ನಿಜವಾದ ವರ್ಷವನ್ನು, ನಾಲ್ಕೂ ಅಂಕಿಗಳಲ್ಲಿ, ಒತ್ತಿ ಬರೆದಳು. ಈ ಪ್ರೋಗ್ರಾಮು ಯಂತ್ರದ ಹಾಗಲ್ಲ, ಮುಂದಿನ ನೂರು ವರ್ಷವನ್ನೂ ಒಪ್ಪುತ್ತದೆ. ಚುಕ್ಕೆ ಚುಕ್ಕೆಯಾಗಿ ಅಚ್ಚೊತ್ತುವ ಹಳೆಯ ಪ್ರಿಂಟರ್ ಕಿರುಚುತ್ತ ಕಾಗದ ಉಗುಳಿತು. ಮರೆ: ಹನ್ನೊಂದು ಮೂವತ್ತೆಂಟು. ಮರಳಿ ಬರುವುದು: ಹನ್ನೆರಡು ನಲವತ್ತಮೂರು. ಒಂದು ವಾರದಿಂದ ಏಳು ಸಲ ತೆಗೆದಿದ್ದಳು, ಏಳು ಸಲವೂ ಅದೇ. ಆದರೂ ಮೇಲಿನ ಸಾಲಿನ ವರ್ಷವನ್ನು ಬೆರಳಿಟ್ಟು ಮತ್ತೆ ಓದಿಕೊಂಡಳು.

ಕೌಂಟರಿಗೆ ಒಬ್ಬ ತಾಯಿ ಬಂದಳು. ಮಗ ಮೂರು ದಿನದಿಂದ ಫೋನ್ ಎತ್ತಿಲ್ಲ. ಅವಳು ಊರ ಗಡಿಯಾರದ ಫ್ಲಾಪಿ ಮತ್ತೆ ಹಾಕಿ, ಗೆರೆಯ ಆಚೆ ಈಚೆ ನೋಡಿ, ಪಾಳಿಯ ಪಟ್ಟಿ ನೋಡಿ, ‘ನೀವು ಮಾಡೋ ಹೊತ್ತಿಗೆ ಅಲ್ಲಿ ಬೆಳಗಿನ ಜಾವ ಮೂರು ಗಂಟೆ ಅಮ್ಮಾ, ಕೆಲಸ ಮುಗಿಸಿ ಸತ್ತ ಹಾಗೆ ಮಲಗಿರ್ತಾನೆ. ಸಂಜೆ ಐದೂವರೆಗೆ ಮಾಡಿ, ಎತ್ತದೆ ಎಲ್ಲಿ ಹೋಗ್ತಾನೆ?’ ಎಂದಳು. ಆ ತಾಯಿ ಚೀಟಿ ತೆಗೆದುಕೊಂಡು, ‘ನೀವು ಹೇಳಿದ ಮೇಲೆ ಸರಿ’ ಎಂದು ಹೊರಟುಹೋದಳು. ನೀವು ಹೇಳಿದ ಮೇಲೆ ಸರಿ. ಎಷ್ಟು ಸಲೀಸಾಗಿ ನಂಬುತ್ತಾರೆ. ಅಕ್ಕನೂ ಹೀಗೆಯೇ ನಂಬಿದ್ದಳು. ಅಥವಾ ನಂಬಿರಲಿಲ್ಲವೋ, ನಂಬಿಕೆಗಿಂತ ಬೇರೆ ಇನ್ನೇನೋ ಇತ್ತೋ.

ಅಕ್ಕನಿಗೆ ಹೇಳಬಾರದು ಎಂಬುದು ಮಾತ್ರ ಖಂಡಿತವಾಗಿತ್ತು. ಬಂದರೆ ಮತ್ತೆ ಕಾಣಿಸಿತು ಅನ್ನುತ್ತಾಳೆ, ಕಂಡರೂ ಅನ್ನುತ್ತಾಳೆ, ಕಾಣದಿದ್ದರೂ ಅನ್ನುತ್ತಾಳೆ. ಯಾವುದು ನಿಜವೆಂದು ತನಗೆ ತಿಳಿಯುವ ದಾರಿಯೇ ಇಲ್ಲ. ಆದರೆ ಬಾಗಿಲು ಕಾಯುವವನು ಪ್ಯಾಂಟಿನ ಅಂಚು ಮಡಿಸಲು ಅಕ್ಕನ ಅಂಗಡಿಗೆ ಕೊಟ್ಟಿದ್ದ, ಹತ್ತೂವರೆಗೆ ತರಲು ಹೋದವನು ಪ್ಯಾಂಟಿನ ಜೊತೆ ಅಕ್ಕನನ್ನೂ ಕರೆದುಕೊಂಡು ಬಂದ. ಕತ್ತಿನಲ್ಲಿ ಅಳತೆ ಟೇಪು, ಸೆರಗಿನಲ್ಲಿ ಎರಡು ಗುಂಡುಸೂಜಿ. ‘ಕರೀದೇ ಇದ್ರೆ ಬರಲ್ಲ ಅಂದ್ಕೊಂಡ್ಯಾ?’ ಎಂದಳು ಏದುಸಿರು ಬಿಡುತ್ತ. ‘ಮಂಡಿನೋವಲ್ಲಿ ಯಾಕಕ್ಕಾ?’ ‘ಮಂಡಿ ನಂದು, ನೋವು ನಂದು. ನಡಿ.’

ತಾರಸಿಯ ಮೇಲೆ ಬಿಸಿಲು ಕಾದಿತ್ತು. ನೀರಿನ ಟ್ಯಾಂಕಿನ ನೆರಳಿಗೆ ಎಲ್ಲರನ್ನೂ ನಿಲ್ಲಿಸಿದಳು, ಸೂರ್ಯನಿಗೆ ಬೆನ್ನು ಮಾಡಿ. ಎಲ್ಲರೂ ಅಂದರೆ ಎಲ್ಲರೂ: ಮ್ಯಾನೇಜರ್ ಕೂಡ ‘ಐದು ನಿಮಿಷ ಮಾತ್ರ’ ಎಂದು ಗಡಿಯಾರ ತಟ್ಟುತ್ತ ಬಂದಿದ್ದರು. ನಗುವ ಅವಕಾಶವನ್ನು ಯಾರು ಬಿಡುತ್ತಾರೆ? ಕೈ ನೀಡಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಹತ್ತು ಡಿಗ್ರಿ ಎಂದು ನಾವಿಕ ಕಲಿಸಿದ್ದ. ಪಡುವಣದ ಕಡೆ ಬಂದರಿನ ಹಳದಿ ಕ್ರೇನು. ಕಡಲಂಚಿನಿಂದ ಕ್ರೇನಿನ ನೇರಕ್ಕೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟಳು. ಒಂದು, ಎರಡು, ಮೂರು, ನಾಲ್ಕು, ಮೇಲೊಂದು ಅರ್ಧ. ಏನೂ ಇಲ್ಲ. ಬರೀ ನೀಲಿ. ನೀಲಿಯನ್ನು ದಿಟ್ಟಿಸಿದಷ್ಟೂ ಕಣ್ಣೊಳಗಿನ ಹುಳುಗಳೇ ಓಡಾಡಿದವು. ಮೂರು ವರ್ಷದ ಹಿಂದಿನ ನೀಲಿಯೂ ಇದೇ. ಹಿಂದೆ ಯಾರೋ ಕೆಮ್ಮಿದರು, ಯಾರೋ ‘ಶುಕ್ರದೆಸೆ’ ಎಂದು ಪಿಸುಗುಟ್ಟಿದರು. ಆಗ ಮುಷ್ಟಿಯ ಮೇಲಂಚಿಗೆ, ಉಗುರು ಕತ್ತರಿಸಿ ಬಿಸಾಕಿದ ಹಾಗೆ, ತೆಳ್ಳಗೆ, ಬಿಳಿಚಿಕೊಂಡು, ಚಂದ್ರ ಇದ್ದ. ಇಷ್ಟು ಹೊತ್ತೂ ಅಲ್ಲೇ ಇದ್ದ. ಅವನ ಉಬ್ಬಿದ ಬೆನ್ನಿಗೆ ತಾಗಿದಷ್ಟು ಹತ್ತಿರದಲ್ಲಿ ಸೀಮೆಸುಣ್ಣದ ಮೊನೆ ಒತ್ತಿದಂಥ ಒಂದು ಚುಕ್ಕೆ.

‘ಕ್ರೇನಿನ ಮೇಲೆ ನೇರ ನೋಡಿ. ಚಂದ್ರ ಸಿಕ್ಕಿದ್ನಾ? ಅವನ ಎಡಕ್ಕೆ.’ ಅವಳ ದನಿ ಅವಳಿಗೇ ಬೇರೆಯವರದಾಗಿ ಕೇಳಿಸಿತು. ಮೊದಲು ಬಾಗಿಲು ಕಾಯುವವನು ‘ಅಯ್ಯೋ!’ ಎಂದ. ಆಮೇಲೆ ಮ್ಯಾನೇಜರ್ ಕನ್ನಡಕ ತೆಗೆದರು, ಹಾಕಿದರು, ‘ಇದೆ ಕಣ್ರೀ, ಇದೆ, ಅಲ್ಲಿದೆ!’ ಎಂದು ಪಕ್ಕದವನ ಭುಜ ಹಿಡಿದು ಅಲ್ಲಾಡಿಸಿದರು. ಟಪಾಲು ಗುಮಾಸ್ತ ಬಾಯಿ ತೆರೆದವನು ಮುಚ್ಚಲೇ ಇಲ್ಲ. ‘ಕಾಣಿಸ್ತು ಕಣೇ’ ಎಂದಳು ಅಕ್ಕ. ಅದೇ ಮಾತು, ಅದೇ ದನಿ. ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದಳು, ನೋಟ ಕ್ರೇನಿನ ಮೇಲಿತ್ತೋ ಅದರಾಚೆ ಇತ್ತೋ ತಿಳಿಯಲಿಲ್ಲ. ಹನ್ನೊಂದು ಮೂವತ್ತೇಳಕ್ಕೆ ಚುಕ್ಕೆ ಚಂದ್ರನ ಅಂಚಿಗೆ ಅಂಟಿತು, ಅಂಚಿನ ಮೇಲೊಂದು ಗಂಟಿನ ಹಾಗೆ ಕೂತಿತು, ಕಿರಿದಾಯಿತು. ‘ಹೋಯ್ತು!’ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಅಕ್ಕನೂ ಕೂಗಿದಳು. ಯಾರ ದನಿ ಮೊದಲು, ಯಾರದು ಅದರ ಹಿಂದೆ, ಆ ಗದ್ದಲದಲ್ಲಿ ಏನೂ ತಿಳಿಯಲಿಲ್ಲ. ಕೆಳಗೆ ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿದರು. ಅವಳಿಗೆ ಕುಣಿಯಬೇಕೆನ್ನಿಸಿತು, ಐವತ್ತೊಂದನೆಯ ವಯಸ್ಸಿನಲ್ಲಿ, ಮ್ಯಾನೇಜರ್ ಮುಂದೆ.

ಟಪಾಲು ಗುಮಾಸ್ತ ಹತ್ತಿರ ಬಂದ. ಮುಖದಲ್ಲಿ ಕೀಟಲೆ ಇರಲಿಲ್ಲ. ‘ಒಪ್ಕೊಂಡೆ ಮೇಡಂ. ಹಾಗಾದ್ರೆ ಅವತ್ತೂ ಇತ್ತು ಅನ್ನಿ. ನಮಗೆ ನೋಡೋಕೆ ಬರಲಿಲ್ಲ, ಅಕ್ಕನಿಗೆ ಕಂಡಿತ್ತು.’ ಬಾಗಿಲು ತೆರೆದೇ ಇತ್ತು, ಹೌದು ಎಂದರೆ ಮುಗಿದುಹೋಗುತ್ತಿತ್ತು. ಮೂರು ವರ್ಷದ ಎಲ್ಲ ನಗೆಯೂ ಬಡ್ಡಿಸಮೇತ ಅವರ ಮೇಲೆಯೇ ಹೋಗಿ ಬೀಳುತ್ತಿತ್ತು. ಆದರೆ ಗೆದ್ದ ದಿನವೂ ಅಕ್ಕನ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುವುದೇ? ‘ಇಲ್ಲ’ ಎಂದಳು. ‘ಅವತ್ತು ನಾನು ಲೆಕ್ಕ ತಪ್ಪಿದ್ದೆ. ವರ್ಷ ಸರಿ ಹಾಕಿರಲಿಲ್ಲ. ಅವತ್ತೇ ಸಂಜೆ ಗೊತ್ತಾಗಿತ್ತು, ಹೇಳೋ ಧೈರ್ಯ ಬರಲಿಲ್ಲ. ಯಂತ್ರದ ತಪ್ಪಲ್ಲ, ನಂದು.’ ಚೀಲದ ತಳದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವನ ಕೈಗಿಟ್ಟಳು. ಎಲ್ಲರ ಕಣ್ಣೂ ಅಕ್ಕನ ಕಡೆ ಹೊರಳಿತು. ಅಕ್ಕ ಅಳತೆ ಟೇಪನ್ನು ಕತ್ತಿನಲ್ಲಿ ಸರಿಮಾಡಿಕೊಂಡು, ‘ಲೆಕ್ಕ ಅವಳದು ತಪ್ಪಿರಬಹುದು, ನಂಗೆ ಕಂಡದ್ದು ನಂಗೆ ಕಂಡಿತ್ತಪ್ಪ’ ಎಂದಳು. ಎಲ್ಲರೂ ನಕ್ಕರು, ಗುಮಾಸ್ತ ಎಲ್ಲರಿಗಿಂತ ಜೋರಾಗಿ ನಕ್ಕ, ಅಕ್ಕನೂ ನಕ್ಕಳು. ಆ ನಗೆಗೆ ಹಲ್ಲಿರಲಿಲ್ಲ. ಮ್ಯಾನೇಜರ್ ಐದು ನಿಮಿಷ ಆಗಿ ಅರ್ಧ ಗಂಟೆಯಾಯಿತೆಂದು ಜ್ಞಾಪಿಸಿಕೊಂಡು ಎಲ್ಲರನ್ನೂ ಕೆಳಗಿಳಿಸಿದರು. ‘ನಿಮಗೆ ಬೇಕಾದ್ರೆ ಇನ್ನೂ ಸ್ವಲ್ಪ ಹೊತ್ತು ಇರಿ’ ಎಂದು ಅವಳಿಗೆ ಮಾತ್ರ ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಅಕ್ಕತಂಗಿ ಇಬ್ಬರೇ ಉಳಿದರು. ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅಕ್ಕ ಮಂಡಿ ನೀವಿಕೊಂಡಳು. ಶುಕ್ರ ಮತ್ತೆ ಬರುತ್ತಾನೆಂದು ತಂಗಿ ಹೇಳಿದಳು. ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಎಂದು ಹೇಳಲಿಲ್ಲ. ಅದು ಚಂದ್ರನ ಕತ್ತಲಿನ ಕಡೆಯಿಂದ, ಕಣ್ಣಿಗೆ ಏನೂ ಕಾಣದ ಬರಿ ನೀಲಿಯೊಳಗಿಂದ ಬರಬೇಕು. ಸುಳ್ಳು ಹೇಳುವವರು ಆ ಜಾಗ ತೋರಿಸಲಾರರು. ಅಕ್ಕನಿಗೆ ಪರೀಕ್ಷೆ ಇಡುತ್ತಿದ್ದೇನೆಂದು ಹೊಳೆದಾಗ ನಾಚಿಕೆಯಾಯಿತು, ಆದರೂ ಹೇಳಲಿಲ್ಲ. ‘ನೀನು ಒಂದನೇ ಕ್ಲಾಸಲ್ಲಿ ಗಂಟೆ ನೋಡೋಕೆ ಬರಲ್ಲ ಅಂತ ಅಳ್ತಿದ್ದೆ, ನೆನಪಿದ್ಯಾ?’ ಎಂದಳು ಅಕ್ಕ ಮೇಲೆ ನೋಡುತ್ತಲೇ. ‘ದೊಡ್ಡ ಮುಳ್ಳು ಚಿಕ್ಕ ಮುಳ್ಳು ಅದಲು ಬದಲು ಮಾಡ್ತಿದ್ದೆ. ಮೂರಕ್ಕೆ ಹನ್ನೆರಡೂ ಕಾಲು ಅಂತಿದ್ದೆ. ಸರಿ ಅಂತಿದ್ದೆ ನಾನು.’ ‘ಯಾಕೆ ಸರಿ ಅಂತಿದ್ದೆ?’ ‘ಅಳ್ತಿದ್ಯಲ್ಲ!’ ಅವಳು ಅಕ್ಕನ ಮುಖ ನೋಡುತ್ತ ಕೂತಳು. ಕತ್ತರಿ ಹಿಡಿದು ಹಿಡಿದು ಬಲಗೈ ಹೆಬ್ಬೆರಳು ಒಂದು ಕಡೆ ವಾಲಿತ್ತು. ಸೂಜಿಗೆ ದಾರ ಪೋಣಿಸಲು ಈಗ ಬೇರೆಯವರ ಕಣ್ಣು ಬೇಕು. ದೂರದ್ದು ಚೆನ್ನಾಗಿ ಕಾಣುತ್ತದೆ ಅನ್ನುತ್ತಾಳೆ. ಅದೂ ಹೀಗೇ ಹೇಳುವ ಮಾತೋ ಏನೋ.

‘ಬಂತು!’

ಅವಳು ಗಡಿಯಾರ ನೋಡಿದಳು. ಹನ್ನೆರಡು ನಲವತ್ತೊಂದು. ಕಾಗದ ನೋಡಿದಳು. ಹನ್ನೆರಡು ನಲವತ್ತಮೂರು. ಇನ್ನೂ ಎರಡು ನಿಮಿಷವಿದೆ. ಅಷ್ಟೇ, ಮತ್ತೆ ಅದೇ, ತಂಗಿ ಕಾಯುತ್ತಿದ್ದಾಳೆ, ಪಾಪ, ಹೇಳಿಬಿಡೋಣ. ಇವಳು ಸಾಯುವವರೆಗೂ ನನಗಾಗಿ ಸುಳ್ಳು ಹೇಳುತ್ತಲೇ ಇರುತ್ತಾಳೆ, ನಾನು ಯಾವತ್ತೂ ಒಂದನೇ ಕ್ಲಾಸಿನಿಂದ ಪಾಸಾಗುವುದೇ ಇಲ್ಲ. ತಲೆ ಎತ್ತಲು ಅವಳಿಗೆ ಮನಸ್ಸಾಗಲಿಲ್ಲ. ‘ಇನ್ನೂ ಹೊತ್ತಾಗಿಲ್ಲ ಅಕ್ಕಾ’ ಎಂದಳು ಮೆಲ್ಲಗೆ.

‘ಹೊತ್ತು ಕಟ್ಕೊಂಡು ನಂಗೇನು? ಚಂದ್ರನಿಂದ ಈಚೆ, ಇತ್ಲಾಗೆ, ಏನೂ ಇಲ್ಲದ ಜಾಗದಿಂದ ಟಕ್ ಅಂತ ಬಂತು.’ ಅಕ್ಕ ಅವಳ ಗದ್ದ ಹಿಡಿದಳು, ಚಿಕ್ಕವಳಿದ್ದಾಗ ತಲೆ ಬಾಚುವಾಗ ಹಿಡಿಯುತ್ತಿದ್ದ ಹಾಗೆಯೇ, ಒರಟಾಗಿ. ‘ಈ ಸಲ ನಿಜ ಕಣೇ. ತಲೆ ಎತ್ತೇ!’

ಎತ್ತಿದಳು. ಚಂದ್ರನ ಗೆರೆಯಿಂದ ಬಲಕ್ಕೆ, ಹೊಟ್ಟೆಯ ಕಡೆ, ಬರಿ ನೀಲಿಯಲ್ಲಿ, ಯಾರ ಆಸರೆಯೂ ಇಲ್ಲದೆ, ಶುಕ್ರ ಇದ್ದ. ಆಗಲೇ ಬಂದು ನಿಂತಾಗಿತ್ತು. ಅರ್ಧ ಕಾಲು ಕೇಳದ ಆ ಪ್ರೋಗ್ರಾಮು ಊರನ್ನು ಎಷ್ಟೋ ಮೈಲಿ ಆಚೆ ಇಟ್ಟು ಲೆಕ್ಕ ಹಾಕಿ ಎರಡು ನಿಮಿಷ ತಪ್ಪಿತ್ತು, ಅಕ್ಕ ತಪ್ಪಿರಲಿಲ್ಲ. ಅವನು ಹೊರಬಂದ ಆ ಗಳಿಗೆಯನ್ನು ಅವಳು ನೋಡಿರಲಿಲ್ಲ, ಇನ್ನು ನೋಡುವ ಹಾಗೂ ಇಲ್ಲ. ಅದಕ್ಕಾಗಿ ಅವಳಿಗೆ ಒಂದಿಷ್ಟೂ ದುಃಖವಾಗಲಿಲ್ಲ. ಅಕ್ಕನ ಸೆರಗಿನಿಂದಲೇ ಕಣ್ಣೊರೆಸಿಕೊಂಡು, ಗುಂಡುಸೂಜಿ ಚುಚ್ಚಿಸಿಕೊಂಡು, ಪೆನ್ಸಿಲ್ ತೆಗೆದು ಕಾಗದದ ಮೇಲಿನ ನಲವತ್ತಮೂರನ್ನು ಹೊಡೆದುಹಾಕಿ ನಲವತ್ತೊಂದು ಎಂದು ಬರೆದಳು.

ಆಮೇಲೆ ತಾರಸಿಯ ಅಂಚಿಗೆ ಓಡಿದಳು. ಕೆಳಗೆ ಬಾಗಿಲು ಕಾಯುವವನು ಸ್ಟೂಲಿನ ಮೇಲೆ ಕೂತಿದ್ದ, ಟಪಾಲು ಗುಮಾಸ್ತ ಚೀಲ ಹೊತ್ತು ಹೊರಟಿದ್ದ, ಬೀದಿಯಲ್ಲಿ ಊಟದ ಹೊತ್ತಿನ ಜನ. ಅವಳು ಗೋಡೆಯ ಮೇಲೆ ಎರಡೂ ಕೈ ಊರಿ, ಇದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದಳು:

‘ಬಂತು! ಹನ್ನೆರಡು ನಲವತ್ತೊಂದಕ್ಕೆ! ಬೇಕಾದ್ರೆ ಬಂದು ಕೇಳಿ, ನಮ್ಮಕ್ಕ ನೋಡಿದಾಳೆ!’